ಎಸಿ ಇಲ್ಲದ ಕಾರು, ಕಲಬುರಗಿ ಬಿಸಿಲು: ಫ್ಯಾನ್, ಐಸ್, ಒದ್ದೆ ಬಟ್ಟೆಯಲ್ಲಿ ಯಾವುದು ಮೇಲು?

ನನ್ನದು ಆಲ್ಟೊ 800, ಸ್ಟ್ಯಾಂಡರ್ಡ್ ಮಾಡೆಲ್. ಎಸಿ ಕೆಟ್ಟಿದೆ ಅಂತಲ್ಲ, ಈ ಮಾಡೆಲ್‌ಗೆ ಎಸಿ ಬರುವುದೇ ಇಲ್ಲ. ಓಡಾಟ ಕಲಬುರಗಿಯಿಂದ ಜೇವರ್ಗಿಗೆ, ಒಮ್ಮೊಮ್ಮೆ ಶಹಾಪುರದವರೆಗೆ. ಏಪ್ರಿಲ್, ಮೇ ಬಂತೆಂದರೆ ನಮ್ಮ ಕಡೆ ಸರ್ಕಾರಿ ಕಚೇರಿಗಳ ಹೊತ್ತು ಬೆಳಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಾಗುತ್ತದೆ. ಬಿಸಿಲು ತಪ್ಪಿಸಲಿ ಅಂತ ಮಾಡಿದ್ದು, ಒಳ್ಳೆಯದೇ. ಆದರೆ ಬೇರೆ ಊರಿಗೆ ಕಾರಿನಲ್ಲಿ ಹೋಗಿ ಬರುವವನ ಪಾಡು ನೋಡಿ: ಹೋಗುವಾಗ ಆರಾಮ, ವಾಪಸ್ ಹೊರಡುವಾಗ ಸರಿಯಾಗಿ ನೆತ್ತಿ ಸುಡುವ ಹೊತ್ತು. ರಸ್ತೆಯ ಎರಡೂ ಕಡೆ ತೊಗರಿ ಕೊಯ್ದು ಖಾಲಿಯಾದ ಕರಿ ಹೊಲ. ಕಟ್ಟಿ ಸಂಗಾವಿ ಸೇತುವೆ ಮೇಲೆ ಬಂದರೂ ಭೀಮೆಯಿಂದ ತಂಪು ಗಾಳಿ ಬರುವುದಿಲ್ಲ, ಕಾದ ಗಾಳಿಯೇ. 41-42 ಡಿಗ್ರಿ ಇಲ್ಲಿ ಮಾಮೂಲಿ.

ಹಾಗಾಗಿ ಈ ಹೋಲಿಕೆ ಪೂರ್ತಿ ಮಧ್ಯಾಹ್ನ ಎರಡರ ಹೊತ್ತಿನದು. ಬೆಳಗ್ಗೆ ಆರಕ್ಕೆ ಯಾವ ಉಪಾಯವಾದರೂ ಗೆಲ್ಲುತ್ತೆ ಬಿಡಿ. ಅಳೆಯಲು ಒಂದು ಅಗ್ಗದ ಡಿಜಿಟಲ್ ಥರ್ಮಾಮೀಟರ್ ತಂದು ಡ್ರೈವರ್ ಸೀಟಿನ ಹಿಂದೆ ನೆರಳಿನಲ್ಲಿ ನೇತು ಹಾಕಿದೆ. ಲ್ಯಾಬಿನಷ್ಟು ಕರಾರುವಾಕ್ಕು ಅಲ್ಲ. ಆದರೆ ಯಾವುದು ಕೆಲಸ ಮಾಡುತ್ತೆ, ಯಾವುದು ಸುಮ್ನೆ ದುಡ್ಡು ದಂಡ ಅಂತ ತಿಳಿಯಲು ಸಾಕು.

ಕಿಟಕಿ: ಒಂದು ತೆರೆದರೋ, ಎರಡೋ?

ಎಲ್ಲರೂ ಮಾಡುವುದು ಡ್ರೈವರ್ ಕಡೆ ಗಾಜು ಪೂರ್ತಿ ಇಳಿಸುವುದು. ಸದ್ದು ಜಾಸ್ತಿ, ಗಾಳಿ ಕಮ್ಮಿ. ಬಲಗೈ ಮಾತ್ರ ಸುಟ್ಟು ಕಪ್ಪಾಗುತ್ತದೆ. ನಾಲ್ಕೂ ಇಳಿಸಿದರೆ ಗಾಳಿ ಬರುತ್ತದೆ, ಜೊತೆಗೆ ಧೂಳು, ಮುಂದಿನ ಟ್ರ್ಯಾಕ್ಟರಿನ ಹೊಟ್ಟು ಎಲ್ಲ ಬರುತ್ತದೆ. ನನಗೆ ಹಿಡಿಸಿದ್ದು ಓರೆ ಜೋಡಿ: ಮುಂದಿನ ಬಲ, ಹಿಂದಿನ ಎಡ. ಎರಡೂ ಅರ್ಧ.

ಇಲ್ಲೊಂದು ಮಜಾ ಇದೆ. ಗಾಳಿ ಮುಂದಿನ ಕಿಟಕಿಯಿಂದ ನುಗ್ಗಿ ಹಿಂದೆ ಹೋಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ಉಲ್ಟಾ. ಕಾರು ಓಡುವಾಗ ಮುಂದಿನ ಕಿಟಕಿಗಳ ಬಳಿ ಒತ್ತಡ ಕಮ್ಮಿ, ಹಿಂದಿನ ಕಿಟಕಿಗಳ ಬಳಿ ಜಾಸ್ತಿ. ಹಾಗಾಗಿ ಗಾಳಿ ಹಿಂದಿನಿಂದ ಒಳಗೆ ಬಂದು ಮುಂದಿನಿಂದ ಹೊರಗೆ ಹೋಗುತ್ತದೆ. ಕೊರೊನಾ ಕಾಲದಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಕಾರಿನೊಳಗಿನ ಗಾಳಿಯ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಇದನ್ನೇ ಹೇಳಿದರು. ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಎರಡೂ ಕಿಟಕಿಗೆ ಒಂದೊಂದು ಉಲ್ಲನ್ ದಾರ ಅಂಟಿಸಿ ಹೊರಟೆ. ವೇಗ 50 ದಾಟಿದ ಮೇಲೆ ಹಿಂದಿನ ದಾರ ಒಳಗೆ ಹಾರುತ್ತಿತ್ತು, ನನ್ನ ಪಕ್ಕದ್ದು ಹೊರಗೆ. ಈ ವಿಷಯ ಮುಂದೆ ಬಟ್ಟೆ ಕಟ್ಟುವಾಗ ಬಹಳ ಉಪಯೋಗಕ್ಕೆ ಬಂತು.

ಆದರೆ 42 ಡಿಗ್ರಿಯಲ್ಲಿ ಬರೀ ಗಾಳಿ ನಂಬಿ ಕೂರುವಂತಿಲ್ಲ. ನಮ್ಮ ಚರ್ಮದ ಬಿಸಿ ಹೆಚ್ಚುಕಮ್ಮಿ 35 ಡಿಗ್ರಿ. ಅದಕ್ಕಿಂತ ಬಿಸಿಯಾದ ಗಾಳಿ ಬೀಸಿದರೆ ಮೈಗೆ ಶಾಖ ಸೇರುತ್ತದೆ. ತಂಪು ಕೊಡುವುದು ಬೆವರು ಆರುವುದು ಮಾತ್ರ. 40 ಡಿಗ್ರಿ ದಾಟಿದ ಮೇಲೆ ಫ್ಯಾನ್ ಮೈಯನ್ನು ಬಿಸಿ ಮಾಡುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಫ್ಯಾನುಗಳ ಸಂಸಾರ

ಮೂರು ಥರದ್ದು ತರಿಸಿದೆ. ಕಿಟಕಿಗೆ ಸಿಕ್ಕಿಸುವ ಸೋಲಾರ್ ಫ್ಯಾನ್ ಬಗ್ಗೆ ಒಂದೇ ಮಾತು: ಬೇಡ. ಅಂಗೈ ಅಗಲದ ಪ್ಯಾನೆಲ್ಲಿಗೆ ಎಷ್ಟು ಕಸುವು ಇದ್ದೀತು? ನಿಂತ ಕಾರಿನ ಬಿಸಿ ಹೊರಹಾಕುತ್ತೇನೆ ಅಂತ ಡಬ್ಬಿ ಮೇಲೆ ಬರೆದಿತ್ತು, ಥರ್ಮಾಮೀಟರ್ ಒಂದು ಡಿಗ್ರಿಯೂ ಇಳಿಯಲಿಲ್ಲ.

ಕುತ್ತಿಗೆಗೆ ಹಾಕುವ ಫ್ಯಾನ್ ಬೆವರಿದ ಕುತ್ತಿಗೆಗೆ ಹಿತ. ಆದರೆ ಕಿವಿ ಪಕ್ಕದಲ್ಲೇ ಗುಂಯ್ ಅನ್ನುತ್ತಿರುತ್ತದೆ. ಹಿಂದಿನ ಲಾರಿ ಹಾರ್ನ್ ಹೊಡೆದದ್ದು ತಡವಾಗಿ ಕೇಳಿಸುತ್ತದೆ. ಹೈವೇಯಲ್ಲಿ ನಾನಂತೂ ಹಾಕುವುದಿಲ್ಲ.

12 ವೋಲ್ಟ್ ಫ್ಯಾನ್ ಪರವಾಗಿಲ್ಲ, ಆದರೆ ಎಲ್ಲಿ ಹಾಕುತ್ತೀರಿ ಅನ್ನುವುದರ ಮೇಲಿದೆ. ಅಂಗಡಿಯವರು ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿ ಕೊಡುತ್ತಾರೆ. ಅಲ್ಲೇ ಎಡವಟ್ಟು. 2018ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಬಿಸಿಲಲ್ಲಿ ನಿಲ್ಲಿಸಿದ ಕಾರುಗಳನ್ನು ಅಳೆದಿದ್ದರು. ಒಂದು ಗಂಟೆಗೆ ಒಳಗಿನ ಗಾಳಿ ಸರಾಸರಿ 47 ಡಿಗ್ರಿ, ಸ್ಟೀರಿಂಗ್ 53, ಡ್ಯಾಶ್‌ಬೋರ್ಡ್ 69! ಅಂಥ ಹೆಂಚಿನ ಮೇಲೆ ಫ್ಯಾನ್ ಕೂರಿಸಿದರೆ ಅದು ಆ ಬಿಸಿಯನ್ನೇ ಎಳೆದು ಮುಖಕ್ಕೆ ಊದುತ್ತದೆ. ಎರಡು ಬಾಗಿಲುಗಳ ನಡುವಿನ ಕಂಬಕ್ಕೆ ಕ್ಲಿಪ್ ಹಾಕಿ, ಹಿಂದಿನಿಂದ ಭುಜಕ್ಕೆ ಬೀಸುವಂತೆ ತಿರುಗಿಸಿದೆ. ಸಿಗ್ನಲ್‌ನಲ್ಲಿ, ರೈಲ್ವೆ ಗೇಟಿನಲ್ಲಿ ನಿಂತಾಗ ಇದು ಬೇಕೇ ಬೇಕು. ಕಾರು ಓಡುತ್ತಿದ್ದರೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಐಸ್ ಮತ್ತು ಒದ್ದೆ ಬಟ್ಟೆ

ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ತುಂಬಿ ಮೇಲೆ ಫ್ಯಾನ್ ಕೂರಿಸುವ ವಿಡಿಯೋ ನೀವೂ ನೋಡಿರುತ್ತೀರಿ. ಮಾಡಿದೆ. ಮೊದಲ ಹತ್ತು ನಿಮಿಷ ಸ್ವರ್ಗ, ಅದೂ ಮೊಣಕೈಗೆ ಮಾತ್ರ. ಆಮೇಲೆ ಡಬ್ಬಿಯೊಳಗೆ ನೀರು ಅಲುಗಾಡುವ ಸದ್ದು, ಬ್ರೇಕ್ ಹಾಕಿದರೆ ಮ್ಯಾಟ್ ಒದ್ದೆ.

ಲೆಕ್ಕವೂ ಐಸ್ ಪರ ಇಲ್ಲ. ಒಂದು ಕಿಲೋ ಐಸ್ ಕರಗುವಾಗ ಸುಮಾರು 334 ಕಿಲೋಜೂಲ್ ಶಾಖ ಹೀರುತ್ತದೆ. ಒಂದು ಕಿಲೋ ನೀರು ಆವಿಯಾಗುವಾಗ ಹೀರುವುದು ಸುಮಾರು 2,400. ಏಳು ಪಟ್ಟು! ದುಡ್ಡು ಕೊಟ್ಟು ತಂದ ಐಸಿಗಿಂತ ಪುಕ್ಕಟೆ ನೀರೇ ಮೇಲು, ಆದರೆ ಅದು ಆರಬೇಕು. ಒಣ ಹವೆಯಲ್ಲಿ ನೀರು ಬೇಗ ಆರುತ್ತದೆ. ನಮ್ಮೂರ ಬೇಸಿಗೆ ಗಾಳಿಗಿಂತ ಒಣ ಹವೆ ಇನ್ನೆಲ್ಲಿ ಸಿಗಬೇಕು? ಮನೆಮನೆಯಲ್ಲಿ ಕೂಲರ್ ಓಡುವುದೂ ಇದೇ ಲೆಕ್ಕದಲ್ಲಿ. 1940-50ರ ದಶಕದಲ್ಲಿ ಅಮೆರಿಕದ ಮರುಭೂಮಿ ರಸ್ತೆಗಳಲ್ಲಿ ಕಾರಿನ ಕಿಟಕಿಗೇ ಸಿಕ್ಕಿಸುವ ಕೂಲರ್ ಬಳಸುತ್ತಿದ್ದರು. ಉರುಟು ಡಬ್ಬಿ, ಒಳಗೆ ಒದ್ದೆ ಪ್ಯಾಡ್, ಗಾಳಿ ನೂಕಲು ಕಾರಿನ ವೇಗವೇ ಸಾಕು.

ನನಗೆ ಇದು ಹೊಳೆಸಿದ್ದು ಜೇವರ್ಗಿ ಹತ್ತಿರದ ಧಾಬಾದಲ್ಲಿ ಸಿಕ್ಕ ಲಾರಿ ಡ್ರೈವರ್. ಅವರ ಕನ್ನಡಿ ಕಂಬಿಗೆ ಗೋಣಿ ಸುತ್ತಿದ ನೀರಿನ ಬಾಟಲಿ ನೇತಾಡುತ್ತಿತ್ತು. ನನ್ನ ಕಾರಿನಲ್ಲೂ ಒದ್ದೆ ಕಾಲುಚೀಲ ಹಾಕಿದ ಬಾಟಲಿ ಇದ್ದದ್ದು ನೋಡಿ ನಕ್ಕರು. "ಸರ, ಬಾಟ್ಲಿಗಿ ಹಸಿ ಬಟ್ಟಿ ಸುತ್ತೀರಿ, ನಿಮಗ್ಯಾಕ ಸುತ್ಕೊಂಡಿಲ್ರಿ?"

ಸರಿಯೇ ಅಲ್ವಾ? ಹಳೆ ಪಂಚೆಯನ್ನು ಹರಿದು ಎರಡು ತುಂಡು ಮಾಡಿದೆ. ಒಂದು ಕುತ್ತಿಗೆಗೆ. ಇನ್ನೊಂದು ಹಿಂದಿನ ಎಡ ಕಿಟಕಿಗೆ, ಗಾಳಿ ಒಳಬರುವ ಕಡೆ. ಬಕೆಟ್ಟಿನಲ್ಲಿ ಅದ್ದಿ, ನೀರು ತೊಟ್ಟಿಕ್ಕದಷ್ಟು ಮಾತ್ರ ಹಿಂಡಿ, ಬಾಗಿಲು ತೆರೆದು ಮೇಲಿನ ಅಂಚು, ಹಿಂದಿನ ಅಂಚು ಚೌಕಟ್ಟಿಗೆ ಹರಡಿ ಬಾಗಿಲು ಹಾಕಿದರೆ ಬಟ್ಟೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಮುಂದಿನ ಭಾಗ ಒಂದು ಗೇಣು ಖಾಲಿ ಬಿಡಬೇಕು, ಇಲ್ಲದಿದ್ದರೆ ಲೇನ್ ಬದಲಿಸುವಾಗ ಎಡಗಡೆ ಏನೂ ಕಾಣಿಸುವುದಿಲ್ಲ. ಕಾರು ವೇಗ ಹಿಡಿದ ಕೂಡಲೇ ಬಟ್ಟೆ ಒಳಗೆ ಉಬ್ಬಿ, ಹಸಿ ಹತ್ತಿಯ ವಾಸನೆಯ ಗಾಳಿ ಕುತ್ತಿಗೆ ಹಿಂದೆ ತಾಗುತ್ತದೆ. ಹೊರಗೆ 41 ಇದ್ದಾಗ ಬಟ್ಟೆಯ ಹಿಂದೆ 35ರ ಆಸುಪಾಸು, ನನ್ನ ಸೀಟಿನ ಹತ್ತಿರ 38. ಎಸಿ ಅಲ್ಲ, ಆದರೆ ಮನೆ ಮುಟ್ಟುವಾಗ ತಲೆ ಸಿಡಿಯುತ್ತಿರಲಿಲ್ಲ.

ಟರ್ಕಿ ಟವೆಲ್ ಹಾಕಿಯೂ ನೋಡಿದೆ. ದಪ್ಪಗಿರುವುದರಿಂದ ಗಾಳಿಯನ್ನೇ ತಡೆಯುತ್ತದೆ. ತೆಳು ಪಂಚೆಯ ತೊಂದರೆ ಬೇರೆ: ಇಪ್ಪತ್ತು ನಿಮಿಷದೊಳಗೆ ಹಪ್ಪಳದ ಹಾಗೆ ಒಣಗಿಬಿಡುತ್ತದೆ. ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಿಂದ ನೀರು ಚಿಮುಕಿಸುವ ಕೆಲಸ ಹಿಂದೆ ಕೂತ ಮಗಳದ್ದು. ಅರ್ಧ ನೀರು ಬಟ್ಟೆಗೆ, ಅರ್ಧ ಅಪ್ಪನ ತಲೆಗೆ. ಒಬ್ಬನೇ ಇದ್ದರೆ ಬೇವಿನ ಗಿಡದ ನೆರಳು ಕಂಡಲ್ಲಿ ನಿಲ್ಲಿಸಿ ಮತ್ತೆ ಅದ್ದುತ್ತೇನೆ. ಓಡಿಸುತ್ತಾ ಹಿಂದೆ ಕೈ ಚಾಚುವ ಸಾಹಸ ಬೇಡ.

ಬಲಗೈಗೆ ಬಿಳಿ ಕಾಟನ್ ತೋಳು, ಅದನ್ನೂ ಒದ್ದೆ ಮಾಡಿ ಹಾಕಿದರೆ ಇನ್ನೂ ಚೆನ್ನ.

ಸೀಟು, ಗಾಜು

ರೆಕ್ಸಿನ್ ಸೀಟಿನ ಮೇಲೆ ಟವೆಲ್ ಹಾಸುವುದಕ್ಕಿಂತ ಮರದ ಮಣಿಗಳ ಸೀಟ್ ಕವರ್ ಎಷ್ಟೋ ವಾಸಿ. ಟವೆಲ್ ಬೆವರು ಹೀರಿ ಅಲ್ಲೇ ಇಟ್ಟುಕೊಳ್ಳುತ್ತದೆ, ಮಣಿಗಳ ನಡುವೆ ಗಾಳಿ ಆಡುತ್ತದೆ. ನನ್ನ ಹೆಂಡತಿಗೆ ಮಾತ್ರ ಮಣಿ ಚುಚ್ಚುತ್ತದಂತೆ, ಅವಳ ಸೀಟಿಗೆ ಇನ್ನೂ ಟವೆಲ್ಲೇ.

ಕಾರು ನಿಲ್ಲಿಸುವಾಗ ಮುಂದಿನ ಗಾಜಿಗೆ ಒಳಗಿನಿಂದ ಬೆಳ್ಳಿ ಹಾಳೆ ಇಡುವುದಕ್ಕಿಂತ ಹೊರಗಿನಿಂದ ಬಿಳಿ ಬಟ್ಟೆ ಹೊದಿಸಿ ವೈಪರ್ ಕೆಳಗೆ ಸಿಕ್ಕಿಸುವುದು ಮೇಲು. ಬಿಸಿಲು ಗಾಜು ದಾಟುವ ಮೊದಲೇ ನಿಲ್ಲುತ್ತದೆ. ಸ್ಟೀರಿಂಗನ್ನು ಅರ್ಧ ಸುತ್ತು ತಿರುಗಿಸಿ ನಿಲ್ಲಿಸಿ. ವಾಪಸ್ ನೇರ ಮಾಡಿದಾಗ ನೆರಳಲ್ಲಿದ್ದ ಭಾಗ ಕೈಗೆ ಸಿಗುತ್ತದೆ. ಇದನ್ನು ಯಾಕೆ ಯಾರೂ ಹೇಳಿಕೊಡುವುದಿಲ್ಲವೋ. ಹೊರಡುವ ಮುಂಚೆ ಎಡ ಕಿಟಕಿ ಇಳಿಸಿ, ಬಲ ಬಾಗಿಲನ್ನು ನಾಲ್ಕೈದು ಸಲ ತೆಗೆದು ಹಾಕಿದರೆ ಒಳಗಿನ ಕಾದ ಗಾಳಿ ಹೊರಬೀಳುತ್ತದೆ.

ಕಪ್ಪು ಫಿಲ್ಮ್ ವಿಚಾರಕ್ಕೇ ಹೋಗಲಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿದೆ. ನಿಯಮದ ಪ್ರಕಾರ ಮುಂದಿನ, ಹಿಂದಿನ ಗಾಜಿನಲ್ಲಿ ಶೇ 70, ಪಕ್ಕದ ಗಾಜಿನಲ್ಲಿ ಶೇ 50 ಬೆಳಕು ದಾಟಬೇಕು. 2019ರಲ್ಲಿ ಅಹಮದಾಬಾದಿನಲ್ಲಿ ಯಾರೋ ಕಾರಿಗೆ ಪೂರ್ತಿ ಸಗಣಿ ಬಳಿದ ಫೋಟೋ ಎಲ್ಲ ಕಡೆ ಓಡಾಡಿತ್ತಲ್ಲ, ಅದನ್ನೂ ಮಾಡಲು ಹೋಗಿಲ್ಲ. ಬಳಿದರೆ ತೊಳೆಯುವವರು ಯಾರು?

ಘಟ್ಟ ಇಳಿದರೆ ಕಥೆಯೇ ಬೇರೆ

ಇದೇ ಕಾರು, ಇದೇ ಪಂಚೆ ತಗೊಂಡು ಮಂಗಳೂರಿಗೆ ಹೋಗಿದ್ದೆ. ಅಲ್ಲಿ ಇದ್ದದ್ದು 34 ಡಿಗ್ರಿ, ನಮ್ಮೂರಿಗೆ ಹೋಲಿಸಿದರೆ ಚಳಿಗಾಲ. ಆದರೆ ಹವೆಯಲ್ಲೇ ನೀರು ತುಂಬಿರುವಾಗ ಬಟ್ಟೆ ಆರುವುದೆಲ್ಲಿಂದ? ಮಧ್ಯಾಹ್ನ ಕಟ್ಟಿದ್ದು ಸಂಜೆಗೂ ಹಸಿ, ಮೇಲೆ ಮುಗ್ಗಲು ವಾಸನೆ. ಕರಾವಳಿಯಲ್ಲಿ ಕಿಟಕಿಯ ಬಟ್ಟೆ ಬಿಚ್ಚಿಡಿ, ನಾಲ್ಕೂ ಗಾಜು ಇಳಿಸಿ, ಫ್ಯಾನ್ ಹಾಕಿ. ಗಾಳಿ ಚರ್ಮಕ್ಕಿಂತ ತಂಪಾಗಿರುವುದರಿಂದ ಅಲ್ಲಿ ಗೆಲ್ಲುವುದು ಅದೇ. ಬೆಂಗಳೂರಿನ ಟ್ರಾಫಿಕ್ಕಿಗೂ ಫ್ಯಾನೇ ಸರಿ. ಕಾರು ಓಡಿದರೆ ತಾನೇ ಬಟ್ಟೆಗೆ ಗಾಳಿ!

ಎಲ್ಲಿಯೇ ಆಗಲಿ, ಇವು ಯಾವುವೂ ಕುಡಿಯುವ ನೀರಿಗೆ ಬದಲಿ ಅಲ್ಲ. ನಾನು ಉಪ್ಪು ಹಾಕಿದ ಮಜ್ಜಿಗೆ ಒಯ್ಯುತ್ತೇನೆ. ತಲೆ ಸುತ್ತಿದರೆ, ವಾಂತಿ ಬಂದಂತಾದರೆ ಗಾಡಿ ನಿಲ್ಲಿಸಿ ನೆರಳಿಗೆ ಹೋಗಬೇಕು. ಮಾತು ತೊದಲಿದರೆ, ಮೈ ಕೆಂಡದಂತಾದರೆ ನೇರ ಆಸ್ಪತ್ರೆ, ಅದೂ ಬೇರೆಯವರು ಓಡಿಸಿಕೊಂಡು.

ಪಂಚೆ ಕಟ್ಟುವವರಿಗೆ ಇನ್ನೊಂದು ಸೂಚನೆ. ಬೋರ್‌ವೆಲ್ ನೀರಾದರೆ ಆರಿದ ಮೇಲೆ ಗಾಜಿಗೆ, ಬಾಗಿಲ ರಬ್ಬರಿಗೆ ಬಿಳಿ ಕಲೆ ಕೂರುತ್ತದೆ, ಬಟ್ಟೆಯೂ ಸೆಟೆದುಕೊಳ್ಳುತ್ತದೆ. ವಾರಕ್ಕೊಮ್ಮೆ ನಿಂಬೆ ಹೋಳಿನಿಂದ ಗಾಜು ಉಜ್ಜಿ, ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ ಒಗೆದರೆ ಸಾಕು.