ವೀಚಾಟ್: ಪರ್ಸಿಗೆ ಚೆನ್ನ, ಸ್ಟಾಫ್ ರೂಮಿಗೆ ಕಷ್ಟ

ಚೀನಾದ ಚೆಂಗ್ಡುವಿನಂಥ ಊರಿನ ಶಾಲೆಗೆ ಸೇರುವ ವಿದೇಶಿ ಮೇಷ್ಟ್ರಿಗೆ ವೀಚಾಟ್ ಬೇಕೋ ಬೇಡವೋ ಎಂದು ಯಾರೂ ಕೇಳುವುದಿಲ್ಲ. ಟೈಮ್‌ಟೇಬಲ್ ಬರುವುದು ಅದರಲ್ಲೇ. ಮಕ್ಕಳ ಅಪ್ಪ ಅಮ್ಮ ಮಾತಾಡುವುದು, ಮನೆ ಓನರ್ ಬಾಡಿಗೆ ಕೇಳುವುದೂ ಅದರಲ್ಲೇ. ತಳ್ಳುಗಾಡಿಯಲ್ಲಿ ಕಿತ್ತಳೆ ಮಾರುವಾಕೆ ಕೂಡ ತಕ್ಕಡಿಯ ಪಕ್ಕ ಕ್ಯುಆರ್ ಕೋಡ್ ನೇತುಹಾಕಿರುತ್ತಾಳೆ. ಟೆನ್ಸೆಂಟ್ ಕಂಪನಿ ಇದನ್ನು 2011ರಲ್ಲಿ ಬಿಟ್ಟಾಗ ಬರೀ ಮೆಸೇಜ್ ಕಳಿಸುವ ಆ್ಯಪ್ ಆಗಿತ್ತು. 2013ರಲ್ಲಿ ಹಣ ಕೊಡುವ ಸೌಲಭ್ಯ ಸೇರಿತು, 2017ರಲ್ಲಿ ಮಿನಿ ಪ್ರೋಗ್ರಾಂ, ಅಂದರೆ ಅದರೊಳಗೇ ಓಡುವ ಪುಟ್ಟ ಆ್ಯಪ್‌ಗಳು, ಸೇರಿದವು. ಮಕ್ಕಳಿಗೆ ಪಾಠ ಹೇಳುವವರ ಲೆಕ್ಕದಲ್ಲಿ ಇದಕ್ಕೆ ಐದಕ್ಕೆ ಮೂರೂವರೆ ಕೊಡಬಹುದು. ಕಳೆದ ಒಂದೂವರೆ ಅಂಕ ಶಾಲೆಯ ಗ್ರೂಪುಗಳ ಮತ್ತು ಕಡತಗಳ ಖಾತೆಗೆ ಹೋಗುತ್ತದೆ.

ಮೊದಲು ಖಾತೆ ತೆರೆಯುವ ವಿಷಯ. ಭಾರತದಿಂದ ಹೊರಡುವವರಿಗೆ ಇಲ್ಲೇ ಒಂದು ತೊಡಕಿದೆ: 2020ರ ಜೂನ್‌ನಲ್ಲಿ ನಿಷೇಧವಾದ 59 ಆ್ಯಪ್‌ಗಳಲ್ಲಿ ವೀಚಾಟ್ ಕೂಡ ಒಂದು. ಹಾಗಾಗಿ ಎಲ್ಲವೂ ಚೀನಾದಲ್ಲಿ ಇಳಿದ ಮೇಲೆಯೇ. ಅಲ್ಲಿ ಗೂಗಲ್ ಪ್ಲೇ ತೆರೆಯುವುದಿಲ್ಲ. ಆಂಡ್ರಾಯ್ಡ್ ಫೋನ್ ಇದ್ದರೆ ವೀಚಾಟ್‌ನ ಸ್ವಂತ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. ಹೊಸ ಖಾತೆಗೆ ಹಳೆಯ ಬಳಕೆದಾರರೊಬ್ಬರು ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಸಾಕ್ಷಿ ನಿಲ್ಲಬೇಕಾಗುತ್ತದೆ. ಈಚೆಗೆ ಇನ್ನೊಬ್ಬರಿಗೆ ಸಾಕ್ಷಿ ನಿಂತವರ ಸ್ಕ್ಯಾನ್ ನಡೆಯುವುದಿಲ್ಲ. ಆಗಸ್ಟ್ ಕೊನೆಯಲ್ಲಿ ನಾಲ್ಕೈದು ಜನ ಹೊಸ ಮೇಷ್ಟ್ರುಗಳು ಒಟ್ಟಿಗೆ ಬಂದಿಳಿದಾಗ ಶಾಲೆಯ ಎಚ್‌ಆರ್ ಒಬ್ಬರೇ ಎಲ್ಲರಿಗೂ ಸ್ಕ್ಯಾನ್ ಮಾಡಲು ಹೋಗಿ ಸಿಕ್ಕಿಹಾಕಿಕೊಳ್ಳುವುದು ಇದಕ್ಕೇ. ಒಬ್ಬೊಬ್ಬರಿಗೆ ಒಬ್ಬೊಬ್ಬ ಸಹೋದ್ಯೋಗಿಯನ್ನು ಮೊದಲೇ ಗೊತ್ತುಮಾಡಿಕೊಂಡರೆ ಹತ್ತು ನಿಮಿಷದ ಕೆಲಸ.

ಹಣದ ಭಾಗ ನಿಜಕ್ಕೂ ಚೆನ್ನಾಗಿದೆ. 2023ರಿಂದ ವಿದೇಶದ ವೀಸಾ, ಮಾಸ್ಟರ್‌ಕಾರ್ಡ್ ಬ್ಯಾಂಕ್ ಕಾರ್ಡುಗಳನ್ನು ಸೇರಿಸಿ ಅಂಗಡಿಗಳಲ್ಲಿ ಕೊಡುವುದು ಸಲೀಸಾಗಿದೆ. 200 ಯುವಾನ್ ಒಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ದಾಟಿದರೆ ಶೇ. 3. ನೂಡಲ್ಸ್, ತರಕಾರಿ, ಮೆಟ್ರೊ ಎಲ್ಲ ಆ ಮಿತಿಯೊಳಗೇ ಮುಗಿಯುತ್ತವೆ. ಭಾರತದ ಕಾರ್ಡ್ ಆದರೆ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವಹಿವಾಟನ್ನು ಹೊರಡುವ ಮುಂಚೆಯೇ ಆನ್ ಮಾಡಿ, ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಹಾಕಿಸಿ. ಇವೆರಡರಲ್ಲಿ ಒಂದು ತಪ್ಪಿದರೂ ಕಾರ್ಡ್ ಸೇರುವುದಿಲ್ಲ, ಸ್ಕ್ರೀನ್ ಮೇಲೆ ಬರುವ ಸಂದೇಶದಿಂದ ಕಾರಣವೂ ತಿಳಿಯುವುದಿಲ್ಲ. ವಿದೇಶಿ ಕಾರ್ಡಿನಿಂದ ಸ್ನೇಹಿತರಿಗೆ ಹಣ ವರ್ಗಾಯಿಸಲು, ಹೊಂಗ್‌ಬಾವ್ (ಕೆಂಪು ಲಕೋಟೆಯ ರೂಪದ ಉಡುಗೊರೆ ಹಣ) ಕಳಿಸಲು ಆಗದು; ಅದಕ್ಕೆ ಅಲ್ಲಿನ ಬ್ಯಾಂಕ್ ಖಾತೆಯೇ ಬೇಕು. ಮೊದಲ ವಾರಗಳಿಗೆ ಅಲಿಪೇ ಎಂಬ ಇನ್ನೊಂದು ಹಣದ ಆ್ಯಪನ್ನೂ ಜೊತೆಗೆ ಇಟ್ಟುಕೊಳ್ಳುವುದು ಜಾಣತನ: ಒಂದು ಕೈಕೊಟ್ಟರೆ ಇನ್ನೊಂದು ನಡೆಯುತ್ತದೆ.

ಬ್ಯಾಂಕ್ ಖಾತೆ ಆದ ಮೇಲೆ ಅದನ್ನು ವೀಚಾಟ್‌ಗೆ ಜೋಡಿಸುವಾಗ ಬಹುಪಾಲು ಜನ ಮುಗ್ಗರಿಸುವುದು ಹೆಸರಿನಲ್ಲಿ. ಬ್ಯಾಂಕಿನ ಕಂಪ್ಯೂಟರಿನಲ್ಲಿ ಹೆಸರು ಹೇಗೆ ಕೂತಿದೆಯೋ ಅಕ್ಷರಶಃ ಹಾಗೇ ಇರಬೇಕು: ಎಲ್ಲ ದೊಡ್ಡಕ್ಷರವೋ, ನಡುವೆ ಜಾಗ ಇದೆಯೋ, ಯಾವ ಹೆಸರು ಮೊದಲು. ನಮ್ಮ ಕಡೆಯವರಿಗೆ ಇದು ದುಪ್ಪಟ್ಟು ತಲೆನೋವು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ, ಅಪ್ಪನ ಹೆಸರನ್ನೂ ಊರಿನ ಹೆಸರನ್ನೂ ಬಿಡಿಸಿ ಬರೆದ ಉದ್ದ ಸಾಲು ಗಿವನ್ ನೇಮ್ ಜಾಗದಲ್ಲಿ. ಕೌಂಟರಿನಲ್ಲಿ ಕೂತವರು ಅದನ್ನು ತಮಗೆ ತೋಚಿದ ಹಾಗೆ ತುಂಬಿರುತ್ತಾರೆ. ಖಾತೆ ತೆರೆದ ದಿನವೇ, ಕೌಂಟರ್ ಬಿಟ್ಟು ಏಳುವ ಮುಂಚೆ, ಹೆಸರು ದಾಖಲಾಗಿರುವ ರೀತಿಯ ಒಂದು ಪ್ರಿಂಟ್ ಕೇಳಿ, ಫೋಟೊ ತೆಗೆದಿಟ್ಟುಕೊಳ್ಳಿ. ಮೊಬೈಲ್ ಸಿಮ್ ಕೂಡ ಅದೇ ಹೆಸರು, ಅದೇ ಪಾಸ್‌ಪೋರ್ಟ್ ನಂಬರಿನಲ್ಲಿರಲಿ. ಪಾಸ್‌ಪೋರ್ಟ್ ನವೀಕರಿಸಿದರೆ ನಂಬರ್ ಬದಲಾಗುತ್ತದೆ, ಆಗ ಬ್ಯಾಂಕು, ಮೊಬೈಲ್ ಕಂಪನಿ, ವೀಚಾಟ್ ಮೂರು ಕಡೆಯೂ ತಿದ್ದಿಸಬೇಕು. ಇದರಲ್ಲಿ ವೀಚಾಟ್‌ನದು ಕೊನೆಯ ಸರದಿ.

ಇನ್ನು ಗ್ರೂಪುಗಳು. ಒಂದು ತರಗತಿಗೆ ಪೋಷಕರ ಗ್ರೂಪ್ ಒಂದು, ಆ ತರಗತಿಯ ಶಿಕ್ಷಕರದು ಒಂದು, ವಿದೇಶಿ ಶಿಕ್ಷಕರದು ಒಂದು, ಇಡೀ ಶಾಲೆಯದು ಒಂದು, ವಾರ್ಷಿಕೋತ್ಸವ ಬಂದರೆ ಅದಕ್ಕೆ ಬೇರೆ. ಒಂದು ಗ್ರೂಪಿಗೆ 500 ಜನರ ತನಕ ಹಿಡಿಸುತ್ತದೆ. ಸೇರಲು ಕೊಡುವ ಕ್ಯುಆರ್ ಕೋಡ್ 7 ದಿನಕ್ಕೆ ಸಾಯುತ್ತದೆ. ಗ್ರೂಪಿನಲ್ಲಿ 200 ಜನ ತುಂಬಿದ ಮೇಲೆ ಕೋಡ್ ನಡೆಯುವುದೇ ಇಲ್ಲ, ಒಳಗಿರುವವರು ಯಾರಾದರೂ ಸೇರಿಸಬೇಕು.

ಮುಖ್ಯವಾದ ಸೂಚನೆ ಎಲ್ಲಿ ಕಳೆದುಹೋಗುತ್ತದೆ ನೋಡಿ. ಅಕ್ಟೋಬರ್ 1ರ ರಾಷ್ಟ್ರೀಯ ದಿನದ ರಜೆಯನ್ನು ಉದ್ದ ಮಾಡಲು ಸರ್ಕಾರ ಅಕ್ಕಪಕ್ಕದ ಒಂದು ಶನಿವಾರವನ್ನೋ ಭಾನುವಾರವನ್ನೋ ಕೆಲಸದ ದಿನ ಮಾಡುವುದು ವಾಡಿಕೆ. "ಭಾನುವಾರ ಶಾಲೆ ಇದೆ, ಗುರುವಾರದ ಟೈಮ್‌ಟೇಬಲ್" ಎಂಬ ಒಂದು ಸಾಲು ಚೀನೀ ಲಿಪಿಯಲ್ಲಿ ಗ್ರೂಪಿಗೆ ಬೀಳುತ್ತದೆ. ಅದರ ಕೆಳಗೆ ನಲವತ್ತು ಜನ ಒಬ್ಬೊಬ್ಬರಾಗಿ "ಶೌದಾವ್", ಅಂದರೆ ತಲುಪಿತು, ಎಂದು ಬರೆಯುತ್ತಾರೆ. ವೀಚಾಟ್‌ನಲ್ಲಿ ಓದಿದ ಗುರುತು ಇಲ್ಲ, ಅದಕ್ಕೇ ಈ ಹಾಜರಿ. ಬೆಳಗಿನ ಕ್ಲಾಸ್ ಮುಗಿಸಿ ಫೋನ್ ತೆಗೆದವರಿಗೆ ಕಾಣುವುದು ಕೊನೆಯ ಹತ್ತು ಶೌದಾವ್ ಮಾತ್ರ. ಹಾಗಾಗಿ ಶೌದಾವ್‌ಗಳ ಸಾಲು ಕಂಡರೆ ಮೇಲೆ ಸರಿಸಿ, ಅದು ಶುರುವಾದ ಮೆಸೇಜನ್ನು ಒತ್ತಿ ಹಿಡಿದು ಅನುವಾದ ಮಾಡಿ, ತಾರೀಖನ್ನು ಫೋನಿನ ಕ್ಯಾಲೆಂಡರಿಗೆ ಹಾಕಿ, ಆಮೇಲೆ ನಿಮ್ಮದೂ ಒಂದು ಶೌದಾವ್ ಬರೆಯಿರಿ. ಬರೆಯದಿದ್ದರೆ ಸಂಯೋಜಕರು ಹುಡುಕಿಕೊಂಡು ಬರುತ್ತಾರೆ. ಇಂಥ ಕಡೆ ಕಚೇರಿ ಕೆಲಸಕ್ಕೆಂದೇ ಇರುವ ಡಿಂಗ್‌ಟಾಕ್ ಆ್ಯಪ್ ವಾಸಿ: ಯಾರು ಓದಿದರು, ಯಾರು ಓದಿಲ್ಲ ಎಂದು ತಾನೇ ತೋರಿಸುತ್ತದೆ. ಡಿಂಗ್‌ಟಾಕ್ ಬಳಸುವ ಶಾಲೆಗಳೂ ಇವೆ. ಆದರೆ ಪೋಷಕರು ಇರುವುದು ವೀಚಾಟ್‌ನಲ್ಲಿ.

ಇನ್ನೊಂದು ಎಡವಟ್ಟು ಜಿಯೆಲಾಂಗ್. ಪ್ರವಾಸಕ್ಕೆ ಯಾರು ಬರುತ್ತಾರೆ ಎಂದು ಕೇಳಿ ಪಟ್ಟಿ ಶುರುಮಾಡುತ್ತಾರೆ. ಪ್ರತಿಯೊಬ್ಬರೂ ಅದರ ಕೊನೆಗೆ ತಮ್ಮ ಹೆಸರು ಸೇರಿಸಿ ಪೂರ್ತಿ ಪಟ್ಟಿಯನ್ನೇ ಮತ್ತೆ ಕಳಿಸುತ್ತಾರೆ. ಇಬ್ಬರು ಒಂದೇ ಕ್ಷಣದಲ್ಲಿ ಕಳಿಸಿದರೆ ಒಬ್ಬರ ಹೆಸರು ಮುಂದಿನ ಪಟ್ಟಿಯಲ್ಲಿ ಬಿಟ್ಟುಹೋಗುತ್ತದೆ. ಬಸ್ಸಿನ ಸೀಟು ಲೆಕ್ಕ ಹಾಕುವ ಮೊದಲು ಪಟ್ಟಿಯನ್ನು ಹಾಜರಿ ಪುಸ್ತಕದೊಂದಿಗೆ ಹೋಲಿಸಲೇಬೇಕು.

ಪೋಷಕರ ಜೊತೆ ನೇರ ಮಾತುಕತೆಗೆ ವೀಚಾಟ್ ಅತ್ಯುತ್ತಮ, ಸೆಟ್ಟಿಂಗ್ ಸರಿಯಿದ್ದರೆ. ಯಾರಾದರೂ ಸೇರಿಸಿಕೊಳ್ಳಲು ಕೇಳಿದಾಗ "ಚಾಟ್ ಮಾತ್ರ" ಎಂಬ ಆಯ್ಕೆ ಬರುತ್ತದೆ. ಅದನ್ನು ಒತ್ತಿದರೆ ನಿಮ್ಮ ಮೊಮೆಂಟ್ಸ್ (ಸ್ನೇಹಿತರಿಗೆಂದು ಹಾಕುವ ಪೋಸ್ಟುಗಳ ಪುಟ) ಫೋಟೊಗಳು ಅವರಿಗೆ ಕಾಣವು. ಅವರ ಹೆಸರಿನ ಬದಲು "2ನೇ ಕ್ಲಾಸ್, ಇಂಥ ಮಗುವಿನ ತಾಯಿ" ಎಂದು ಬರೆದಿಟ್ಟುಕೊಳ್ಳಿ. ಪ್ರೊಫೈಲ್ ಹೆಸರು ಹೂವಿನ ಚಿತ್ರವೋ ಕವನದ ಸಾಲೋ ಆಗಿರುತ್ತದೆ, ಮೂರು ತಿಂಗಳಿಗೆ ಬದಲಾಗುತ್ತದೆ. ವಾಯ್ಸ್ ಮೆಸೇಜ್ ಗರಿಷ್ಠ 60 ಸೆಕೆಂಡ್. ಮಗುವನ್ನು ಗೇಟಿನಿಂದ ಕರೆದೊಯ್ಯುವ ಅಜ್ಜಿ ರಸ್ತೆಯ ಗದ್ದಲದಲ್ಲಿ ಹೇಳಿದ್ದನ್ನು ಅಕ್ಷರಕ್ಕಿಳಿಸಿ, ಅದನ್ನು ಮತ್ತೆ ಅನುವಾದ ಮಾಡಿದರೆ ಅರ್ಥ ಎರಡು ಸಲ ಜಾರುತ್ತದೆ. ಔಷಧಿ, ಅಲರ್ಜಿ, ಮಗುವನ್ನು ಯಾರು ಕರೆದೊಯ್ಯುತ್ತಾರೆ ಎಂಬಂಥ ವಿಷಯವಿದ್ದರೆ ಸಹ ಶಿಕ್ಷಕಿಯಿಂದ ಕೇಳಿಸಿಕೊಳ್ಳಿ, ಯಂತ್ರವನ್ನು ನಂಬಬೇಡಿ. ನೀವು ತಪ್ಪಾಗಿ ಕಳಿಸಿದ ಮೆಸೇಜನ್ನು ಹಿಂತೆಗೆಯಲು 2 ನಿಮಿಷ ಮಾತ್ರ ಇದೆ.

ಸೆಪ್ಟೆಂಬರ್ 10 ಅಲ್ಲಿ ಶಿಕ್ಷಕರ ದಿನ. ಆ ದಿನ ಪೋಷಕರಿಂದ ಹೊಂಗ್‌ಬಾವ್ ಬರಬಹುದು. ಒಂದರಲ್ಲಿ ಗರಿಷ್ಠ 200 ಯುವಾನ್. ಶಿಕ್ಷಕರು ವಿದ್ಯಾರ್ಥಿಗಳಿಂದ, ಪೋಷಕರಿಂದ ಹಣ, ಉಡುಗೊರೆ ತೆಗೆದುಕೊಳ್ಳಬಾರದೆಂದು ಚೀನಾದ ಶಿಕ್ಷಣ ಸಚಿವಾಲಯ 2014ರಲ್ಲೇ ನಿಯಮ ಮಾಡಿದೆ. ಬೇಡ ಎಂದು ಉದ್ದ ಪತ್ರ ಬರೆಯಬೇಕಿಲ್ಲ. ತೆರೆಯದೆ ಬಿಡಿ, 24 ಗಂಟೆಗೆ ಹಣ ತಾನಾಗಿ ವಾಪಸ್ ಹೋಗುತ್ತದೆ. ಶುಭಾಶಯಕ್ಕೆ ಮಾತ್ರ ಧನ್ಯವಾದ ಹೇಳಿ. ಇದೊಂದು ಸೌಲಭ್ಯಕ್ಕೆ ಪೂರ್ತಿ ಅಂಕ.

ದೊಡ್ಡ ದೋಷ ಕಡತದ್ದು. ಚಾಟ್ ಎಲ್ಲ ಇರುವುದು ನಿಮ್ಮ ಫೋನಿನಲ್ಲೇ. ಫೋನ್ ಕಳೆದರೆ ಎರಡು ವರ್ಷದ ಪೋಷಕರ ಮಾತುಕತೆಯೂ ಹೋಯಿತು. ಗ್ರೂಪಿಗೆ ಬಂದ ವರ್ಕ್‌ಶೀಟನ್ನು ಕೆಲವು ದಿನ ತೆರೆಯದೆ ಬಿಟ್ಟರೆ ಅವಧಿ ಮುಗಿದಿದೆ ಎನ್ನುತ್ತದೆ. ಫೋಟೊಗಳನ್ನು ಕುಗ್ಗಿಸಿ ಕಳಿಸುತ್ತದೆ. ಪ್ರಿಂಟ್ ಹಾಕಬೇಕಾದ ಚಿತ್ರಕ್ಕೆ "ಮೂಲ ಚಿತ್ರ" ಆಯ್ಕೆ ಒತ್ತಲು ಮರೆತರೆ ಗೋಡೆಯ ಮೇಲೆ ಮಸುಕು ಮುಖಗಳು. ಬಂದ ಫೈಲನ್ನು ಅಂದೇ ಕಂಪ್ಯೂಟರಿಗೆ ಇಳಿಸುವುದೊಂದೇ ದಾರಿ. ಹೊಸ ಫೋನಿಗೆ ಚಾಟ್ ಸಾಗಿಸುವ ಸೌಲಭ್ಯ ಇದೆ, ಎರಡೂ ಫೋನ್ ಒಂದೇ ವೈಫೈಯಲ್ಲಿರಬೇಕು. ಶಾಲೆಯ ವೈಫೈ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ಕಟ್ಟಿದ್ದರೆ ಸಾಗಣೆ ಶುರುವೇ ಆಗುವುದಿಲ್ಲ. ಮನೆಯ ವೈಫೈಯಲ್ಲಿ, ಎರಡನ್ನೂ ಚಾರ್ಜರಿಗೆ ಹಾಕಿ, ಸ್ಕ್ರೀನ್ ಆರದಂತೆ ಇಟ್ಟು ಮಾಡಿ.

ಊರಿನವರ ಜೊತೆ ಮಾತಾಡಲು ಇದರಿಂದ ಏನೂ ಉಪಯೋಗವಿಲ್ಲ. ಅಲ್ಲಿ ವಾಟ್ಸಾಪ್, ಜಿಮೇಲ್‌ಗೆ ತಡೆ, ಇಲ್ಲಿ ವೀಚಾಟ್‌ಗೆ. ಎರಡೂ ಕಡೆ ಐಫೋನ್ ಇದ್ದರೆ ಫೇಸ್‌ಟೈಮ್ ನಡೆಯುತ್ತದೆ.

ಒಪ್ಪಂದ ಮುಗಿಸಿ ಹೊರಡುವಾಗ ಅನುಕ್ರಮ ತಪ್ಪಿಸಬೇಡಿ. ಮೊದಲು ವೀಚಾಟ್ ಬ್ಯಾಲೆನ್ಸನ್ನು ಬ್ಯಾಂಕಿಗೆ ಎಳೆದುಕೊಳ್ಳಿ, ಬೇಕಾದ ಫೋಟೊ, ಫೈಲು ಕಂಪ್ಯೂಟರಿಗೆ ಹಾಕಿಕೊಳ್ಳಿ, ಆಮೇಲೆ ಬ್ಯಾಂಕ್ ಖಾತೆ ಮುಚ್ಚಿ, ಎಲ್ಲಕ್ಕಿಂತ ಕೊನೆಗೆ ಸಿಮ್. ಸಿಮ್ಮನ್ನು ಮೊದಲೇ ಬಿಟ್ಟುಕೊಟ್ಟರೆ ಬ್ಯಾಂಕಿನ ಒಟಿಪಿ ಬರುವುದಿಲ್ಲ, ಒಳಗಿದ್ದ ಹಣ ಒಳಗೇ ಉಳಿಯುತ್ತದೆ.