ಒಂದೂವರೆ ವರ್ಷ ಕಲ್ಲು ಪಾಲಿಶ್ ಮಾಡಿದ ಮೇಲೆ: ನೀರು ಚಮಚದಲ್ಲಿ ಹಾಕಿ

ವೈಬ್ರೇಟರಿ ರಾಕ್ ಟಂಬ್ಲರ್, ಅಂದರೆ ಬೋಗುಣಿಯನ್ನು ನಡುಗಿಸಿ ಕಲ್ಲಿಗೆ ಹೊಳಪು ಕೊಡುವ ಯಂತ್ರ, ತಗೊಂಡು ಒಂದೂವರೆ ವರ್ಷವಾಯಿತು. ಮೋಟಾರು, ವ್ಯಾಟ್ ಎಲ್ಲ ಪೆಟ್ಟಿಗೆ ಮೇಲೇ ಇರುತ್ತದೆ, ಅದನ್ನು ಮತ್ತೆ ಹೇಳಲ್ಲ. ಹೊರದೇಶದ್ದು ತರಿಸುವವರು ನಮ್ಮ 230 ವೋಲ್ಟಿಗೆ ನಡೆಯುತ್ತದಾ ಅಂತ ಮೊದಲೇ ಕೇಳಿಕೊಳ್ಳಿ, ಅಷ್ಟು ಸಾಕು. ನಾನು ಬರೆಯಲು ಕೂತದ್ದು ನೀರಿನ ಬಗ್ಗೆ.

ಮೊದಲ ಮೂರು ತಿಂಗಳು ಒಂದೇ ಒಂದು ಕಲ್ಲೂ ಹೊಳೆಯಲಿಲ್ಲ. ಜೊತೆಗೆ ಬಂದ ಚೀಟಿಯಲ್ಲಿ "ಸ್ವಲ್ಪ ನೀರು ಹಾಕಿ" ಅಂತಷ್ಟೇ ಇತ್ತು. ಸ್ವಲ್ಪ ಅಂದರೆ ಎಷ್ಟು? ಮಾರಿದವರಿಗೆ ಎರಡು ಸಲ ಫೋನ್ ಮಾಡಿದೆ, "ಅಂದಾಜಿನ ಮ್ಯಾಲೆ ಹಾಕ್ರಿ ಸರ್" ಅಂದರು. ಹದಿನಾಲ್ಕು ಸಾವಿರ ಕೊಟ್ಟವನಿಗೆ ಇದು ಉತ್ತರವಾ? ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಉರುಳುವ ಡ್ರಮ್ಮಿನ ಟಂಬ್ಲರ್ ವಿಡಿಯೋಗಳನ್ನು ನೋಡಿ ನಾನೂ ಹಾಗೇ ಕಲ್ಲಿನ ಮೇಲಿನ ಸಾಲು ಮುಟ್ಟುವ ತನಕ ನೀರು ಸುರಿಯುತ್ತಿದ್ದೆ. ಡ್ರಮ್ಮಿಗೆ ಅದು ಸರಿ. ನಡುಗುವ ಯಂತ್ರಕ್ಕೆ ಅಲ್ಲ. ಇಲ್ಲಿ ನೀರು ಜಾಸ್ತಿಯಾದರೆ ಕಲ್ಲು ಉಜ್ಜಲು ಹಾಕುವ ಪುಡಿಯೆಲ್ಲ ಕಲ್ಲಿನಿಂದ ತೊಳೆದು ತಳಕ್ಕೆ ಹೋಗಿ ಕೂರುತ್ತದೆ, ಕಲ್ಲುಗಳು ಸುಮ್ನೆ ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಅಂಚುಗಳಲ್ಲಿ ಬಿಳಿ ಚುಕ್ಕೆ ಬೀಳುತ್ತದೆ, ಹೊಳಪು ಬರಲ್ಲ.

ಈಗ ನಾನು ಮಾಡುವುದು ಇಷ್ಟು. ಕಲ್ಲು ತೊಳೆದು ಜರಡಿಯಲ್ಲಿ ಬಸಿದು, ಒದ್ದೆ ಇರುವಾಗಲೇ ಬೋಗುಣಿಗೆ ಹಾಕುತ್ತೇನೆ, ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿ ತುಂಬುವಷ್ಟು. ದೊಡ್ಡದು ಸಣ್ಣದು ಎರಡೂ ಇರಬೇಕು, ಕಲ್ಲು ಕಮ್ಮಿ ಬಿದ್ದರೆ ಸೆರಾಮಿಕ್ ಚೂರು ಸೇರಿಸುತ್ತೇನೆ. ಒಂದು ದೊಡ್ಡ ಚಮಚ 220 ನಂಬರಿನ ಕಾರ್ಬೊರಂಡಮ್ ಪುಡಿ, ಆಮೇಲೆ ಯಂತ್ರ ನಡೆಯುತ್ತಿರುವಾಗಲೇ ಒಂದೊಂದೇ ಚಮಚ ನೀರು. ಬೆರಳಲ್ಲಿ ಒಂದು ಕಲ್ಲು ಎತ್ತಿ ನೋಡಿದರೆ ಗೋಡೆಗೆ ಬಳಿಯುವ ಸುಣ್ಣದ ಹಾಗೆ ತೆಳ್ಳಗೆ ಮೆತ್ತಿರಬೇಕು. ತೊಟ್ಟಿಕ್ಕಿದರೆ ನೀರು ಜಾಸ್ತಿ. ಕಮ್ಮಿಯಾದರೆ ಜುಣಕದ ಹಾಗೆ ಗಟ್ಟಿಯಾಗಿ ಕಲ್ಲು ತಿರುಗುವುದೇ ನಿಲ್ಲುತ್ತದೆ.

ಈ ಹದ ಕೈಗೆ ಸಿಕ್ಕ ದಿನದಿಂದ ನನಗೆ ಈ ಯಂತ್ರದ ಮೇಲೆ ಪ್ರೀತಿ ಹುಟ್ಟಿತು. ಬೆಳಿಗ್ಗೆ ಆರಕ್ಕೆ ಎದ್ದು ಚಹಾ ಹಿಡಿದುಕೊಂಡು ಹಿತ್ತಲಿಗೆ ಹೋಗುತ್ತೇನೆ. ಮುಚ್ಚಳ ತೆಗೆಯುವ ಮೊದಲು ಕಿವಿಗೊಟ್ಟು ನಿಲ್ಲುತ್ತೇನೆ. ಹದ ಸರಿ ಇದ್ದರೆ ಮೆತ್ತಗಿನ ಸರಸರ ಸದ್ದು. ಒಣಗಿದ್ದರೆ ಗುರ್ ಅಂತ ಭಾರವಾಗಿರುತ್ತದೆ. ನೀರು ಜಾಸ್ತಿ ಇದ್ದರೆ ಲಟಲಟ. ಆಮೇಲೆ ಮುಚ್ಚಳ ತೆಗೆದರೆ ಕಲ್ಲುಗಳು ಹೊರ ಅಂಚಿನಿಂದ ಮೇಲೆದ್ದು ನಡುವಿಗೆ ಬೀಳುತ್ತಾ, ಎಲ್ಲ ಸೇರಿ ನಿಧಾನಕ್ಕೆ ಸುತ್ತು ಹಾಕುತ್ತಿರುತ್ತವೆ. ಕಟಿಂಗ್ ಅಂಗಡಿಯವರು ಕೂದಲಿಗೆ ನೀರು ಹೊಡೆಯುತ್ತಾರಲ್ಲ, ಅಂಥದೇ ಒಂದು ಸ್ಪ್ರೇ ಬಾಟಲಿ ಇಟ್ಟಿದ್ದೇನೆ. ಎರಡು ಸಲ ಒತ್ತಿದರೆ ಸದ್ದು ಅಲ್ಲೇ ಬದಲಾಗುತ್ತದೆ. ಚಹಾ ಆರಿದರೂ ಅಲ್ಲೇ ನಿಂತಿರುತ್ತೇನೆ.

ಎಷ್ಟು ಹೊತ್ತಿಗೊಮ್ಮೆ ನೀರು ಅನ್ನುವುದು ನಮ್ಮ ಹವೆಯ ಮೇಲಿದೆ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಬಿಸಿಲಿಗೆ ಮೂರು ತಾಸಿಗೇ ಒಣಗುತ್ತಿತ್ತು. ಜುಲೈನಲ್ಲಿ ಧಾರವಾಡದ ತಮ್ಮನ ಮನೆಯಲ್ಲಿ ಇಟ್ಟಾಗ, ಆ ಜಿಟಿಜಿಟಿ ಮಳೆಯಲ್ಲಿ ಎಂಟು ತಾಸು ಮುಟ್ಟಬೇಕಾಗಲಿಲ್ಲ. ಕರೆಂಟ್ ಹೋದರೆ ಮಾತ್ರ ಹುಷಾರು. ಕೆಸರು ಕೆಳಗೆ ಇಳಿದು ಗಟ್ಟಿಯಾಗಿರುತ್ತದೆ, ಹಾಗೇ ಚಾಲೂ ಮಾಡಬೇಡಿ, ಕೈಯಿಂದ ಕಲಸಿ ನೀರು ಕೊಟ್ಟು ಆಮೇಲೆ ಮಾಡಿ.

220 ನಂಬರಿನ ಪುಡಿ ಎರಡು ಮೂರು ದಿನ, ಆಮೇಲೆ ಅದಕ್ಕಿಂತ ನುಣ್ಣಗಿನ 500, ಕೊನೆಗೆ ಅಲ್ಯೂಮಿನಿಯಂ ಆಕ್ಸೈಡ್ ಪಾಲಿಶ್. ನಡುನಡುವೆ ತೊಳೆಯುವುದಕ್ಕೆ ಸೋಮಾರಿತನ ಮಾಡಿದರೆ ಎಲ್ಲ ವ್ಯರ್ಥ, ಒರಟು ಪುಡಿಯ ನಾಲ್ಕು ಕಾಳು ಉಳಿದರೂ ಪಾಲಿಶ್ ಮೇಲೆ ಗೀರು ಬೀಳುತ್ತದೆ. ಬಿರುಕಿರುವ ಕಲ್ಲನ್ನು ನಾನು ಹಾಕುವುದೇ ಇಲ್ಲ, ಪುಡಿ ಅದರೊಳಗೆ ಅಡಗಿ ಕೂರುತ್ತದೆ. ಪ್ರತಿ ಹಂತ ಮುಗಿದ ಮೇಲೆ ಬಾರ್ ಸೋಪು ತುರಿದು ನೀರು ಹಾಕಿ ಒಂದು ತಾಸು ಓಡಿಸುತ್ತೇನೆ. ಆ ಕೆಸರನ್ನು ಬಚ್ಚಲಿಗೆ ಸುರಿಯಲೇಬೇಡಿ, ಪೈಪಿನಲ್ಲಿ ಸಿಮೆಂಟಿನ ಹಾಗೆ ಕೂರುತ್ತದೆ. ಹಳೆ ಬಕೆಟ್‌ನಲ್ಲಿ ಹಿಡಿದು, ಒದ್ದೆ ಇರುವಾಗಲೇ ಚೀಲಕ್ಕೆ ಕಟ್ಟಿ ಎಸೆಯುತ್ತೇನೆ. ಒಣಗಿದರೆ ಅದರ ಧೂಳು ಎದೆಗೆ ಒಳ್ಳೆಯದಲ್ಲ.

ಇನ್ನೊಂದು ಮಾತು, ಈ ಯಂತ್ರ ಕಲ್ಲನ್ನು ದುಂಡಗೆ ಮಾಡಲ್ಲ. ಇರುವ ಆಕಾರಕ್ಕೆ ಹೊಳಪು ಕೊಡುತ್ತದೆ, ಅಷ್ಟೇ. ಒಡೆದ ಕಲ್ಲಿಗೆ ಮೊದಲು ಡ್ರಮ್ಮಿನಲ್ಲಿ ವಾರಗಟ್ಟಲೆ ಒರಟು ಪುಡಿ ಬೇಕು, ಎರಡನೇ ಯಂತ್ರಕ್ಕೆ ನನ್ನ ಹತ್ತಿರ ದುಡ್ಡಿಲ್ಲ. ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ವರದೆ ಬಂದು ತುಂಗಭದ್ರೆ ಸೇರುತ್ತಾಳೆ. ಅಲ್ಲಿ ಹೊಳೆ ದಂಡೆಯಲ್ಲಿ ಒಂದು ಸಣ್ಣ ಚೀಲದಷ್ಟು ಬೆಣಚುಕಲ್ಲು ಆರಿಸಿಕೊಂಡು ಬಂದೆ. ದುಂಡಗೆ ಮಾಡುವ ಕೆಲಸ ಹೊಳೆಯೇ ಮುಗಿಸಿತ್ತು! ಕಪ್ಪತಗುಡ್ಡದ ಕೆಂಪು ಕಪ್ಪು ಪಟ್ಟೆಯ ಕಲ್ಲಿಗೂ ಆಸೆಯಿತ್ತು, ಆದರೆ ಅದು 2019ರಿಂದ ವನ್ಯಜೀವಿ ಧಾಮ, ಅಲ್ಲಿಂದ ಏನೂ ತರಬಾರದು. ಲಕ್ಕುಂಡಿ ಗುಡಿಗಳಿಗೆ ಬಳಸಿದಂಥ ಬಳಪದ ಕಲ್ಲು ಇದಕ್ಕೆ ಆಗಲ್ಲ, ಅಷ್ಟು ಮೆದು, ಸವೆದೇ ಹೋಗುತ್ತದೆ. ಒಂದರಿಂದ ಹತ್ತರ ಮೋಸ್ ಅಳತೆಯಲ್ಲಿ ಬೆಣಚುಕಲ್ಲಿನ ಗಡಸುತನ 7, ಅದರ ಜೊತೆ ಹೆಚ್ಚುಕಮ್ಮಿ ಅಷ್ಟೇ ಗಡಸಿನ ಅಗೇಟ್, ಜಾಸ್ಪರ್ ಕಲ್ಲು ಹಾಕಿ.

ಸದ್ದು ಇದ್ದೇ ಇದೆ. ಅವ್ವ ಮೊದಲ ವಾರ "ಏನೋ ಇದು, ಮನಿಯಾಗ ಗಿರಣಿ ಇಟ್ಟೀಯೇನು?" ಅಂದಿದ್ದಳು. ಹಳೇ ಟೈರ್ ಮೇಲೆ ಇಟ್ಟ ಮೇಲೆ ಎಷ್ಟೋ ವಾಸಿ. ಅಪಾರ್ಟ್‌ಮೆಂಟಿನವರು ತಗೊಳ್ಳಬೇಡಿ ಅಂತಲೇ ನನ್ನ ಸಲಹೆ. ದಿನಕ್ಕೆ ಮೂರು ಸಲ ಮುಚ್ಚಳ ತೆಗೆದು ನೋಡುವ ವ್ಯವಧಾನ ಇಲ್ಲದವರೂ ಬೇಡ. ಹಿತ್ತಲಿದ್ದು, ಮನೆಯಲ್ಲೇ ಇರುವವರಾದರೆ ಧೈರ್ಯವಾಗಿ ತಗೊಳ್ಳಿ.

ಗಳಗನಾಥದ ಕಲ್ಲುಗಳಲ್ಲಿ ಒಂದು ಹಾಲಿನಂಥ ಬಿಳಿ, ನಡುವೆ ದಾರದಷ್ಟು ತೆಳುವಾದ ಕೆಂಪು ಗೆರೆ. ಒಣಗಿದ ಮೇಲೂ ಒದ್ದೆ ಇದ್ದ ಹಾಗೇ ಹೊಳೆಯುತ್ತದೆ. ಅದನ್ನು ಅವ್ವ ತುಳಸಿ ಕಟ್ಟೆ ಮೇಲೆ ಇಟ್ಟುಕೊಂಡಿದ್ದಾಳೆ, ಕೇಳಿದರೂ ಕೊಡುತ್ತಿಲ್ಲ.