ಹೆಂಚು ಹೊದಿಸಲು ಬಂದವರು ಮೊದಲು ಕೇಳಿದ್ದು ಮರಿಗಳ ಬಗ್ಗೆ

ತೀರ್ಥಹಳ್ಳಿ ಕಡೆ ಹೆಂಚಿನ ಮನೆ ಇರುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ಈ ಸಲ ಮಳೆಗಾಲಕ್ಕೆ ಮುಂಚೆ ನಮ್ಮ ಮಾಡಿನ (ಹೆಂಚಿನ ಛಾವಣಿಯ) ಕೆಲಸ ಮಾಡಿಕೊಟ್ಟ ಮೇಸ್ತ್ರಿಗೂ ಅವರ ಹುಡುಗರಿಗೂ ಐದಕ್ಕೆ ಐದು ಕೊಡುತ್ತೇನೆ. ಹೆಂಚು ನೀಟಾಗಿ ಹೊದಿಸಿದರು, ಅದು ಸರಿ. ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ನಮ್ಮ ಸೂರಿನೊಳಗೆ ಗೊರವಂಕ (ಮೈನಾ ಹಕ್ಕಿ) ಗೂಡು ಕಟ್ಟಿತ್ತು, ಒಳಗೆ ಮರಿಗಳಿದ್ದವು. ಒಂದು ಮರಿಗೂ ತೊಂದರೆ ಆಗದ ಹಾಗೆ, ಮನೆಯೂ ಸೋರದ ಹಾಗೆ ಕೆಲಸ ಮುಗಿಸಿಕೊಟ್ಟರು.

ನಮ್ಮ ಕಡೆಯ ತೊಂದರೆ ಏನು ಅಂದರೆ, ಮನುಷ್ಯರಿಗೂ ಹಕ್ಕಿಗಳಿಗೂ ಮಾಡು ಬೇಕಾಗುವುದು ಒಂದೇ ಹೊತ್ತಿಗೆ. ಅಡಿಕೆ ಕೆಲಸ ಮುಗಿದು ಕೈ ಬಿಡುವಾಗುವುದು ಏಪ್ರಿಲ್ ಹೊತ್ತಿಗೆ. ಆಗಲೇ ಹೆಂಚು ಇಳಿಸಬೇಕು, ಪಾಚಿ ಉಜ್ಜಬೇಕು, ಒಡೆದದ್ದನ್ನು ಬದಲಿಸಬೇಕು, ಗೆದ್ದಲು ಹಿಡಿದ ರೀಪು (ಹೆಂಚು ಕೂರಿಸುವ ಮರದ ಪಟ್ಟಿ) ತೆಗೆಯಬೇಕು. ಜೂನ್ ಮೊದಲ ವಾರಕ್ಕೆ ಮಳೆ ಹಿಡಿದರೆ ಮತ್ತೆ ಮಾಡು ಹತ್ತುವ ಮಾತೇ ಇಲ್ಲ. ಆಗುಂಬೆ ಪಕ್ಕದ ಮಳೆ ಹೇಗಿರುತ್ತದೆ ಅಂತ ಗೊತ್ತಿದ್ದವರಿಗೆ ಗೊತ್ತು. ಗೊರವಂಕಗಳು ಗೂಡಿಗೆ ಜಾಗ ಹುಡುಕಿ, ಮೊಟ್ಟೆ ಇಟ್ಟು, ಮರಿ ಮಾಡುವುದೂ ಇದೇ ತಿಂಗಳುಗಳಲ್ಲಿ. ನಾಲ್ಕೈದು ನೀಲಿ ಮೊಟ್ಟೆ ಇಡುತ್ತವೆ. 17-18 ದಿನ ಕಾವು. ಮರಿ ಹೊರಬಂದು ಹಾರುವುದಕ್ಕೆ ಇನ್ನೂ ಮೂರು ವಾರಕ್ಕಿಂತ ಜಾಸ್ತಿ. ಎಲ್ಲ ಸೇರಿ ಒಂದೂವರೆ ತಿಂಗಳು ಹಿಡಿಯಿರಿ.

ಅವು ನಮ್ಮ ಮನೆಗೇ ಯಾಕೆ ಬರುತ್ತವೆ ಅಂದರೆ, ಗೊರವಂಕ ಪೊಟರೆಯಲ್ಲಿ ಗೂಡು ಕಟ್ಟುವ ಹಕ್ಕಿ. ಪೊಟರೆ ಇರುವ ಹಳೇ ಮರ ಸುತ್ತಮುತ್ತ ಎಷ್ಟು ಉಳಿದಿವೆ? ಹೆಂಚಿನ ಸಂದು ಅದಕ್ಕೆ ಪೊಟರೆಯೇ. ನಮ್ಮದು ಅಜ್ಜನ ಕಾಲದ ಮಾಡು. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯ ಮುದ್ರೆ ಇರುವ ಹೆಂಚುಗಳು ಈಗಲೂ ಅಲ್ಲಲ್ಲಿ ಇವೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಅವರು ಶುರು ಮಾಡಿದ ಕಾರ್ಖಾನೆಯಿಂದ ಬಂದ ಅಚ್ಚು ಅದು. ಒಂದೊಂದು ಕಾರ್ಖಾನೆಯ ಹೆಂಚಿನ ಅಳತೆ ಒಂದೊಂದು ಥರ. ಹಳೇದು ಒಡೆದಾಗ ಬೇರೆ ಕಂಪನಿಯ ಹೆಂಚು ತಂದು ತುರುಕಿದರೆ ಕಚ್ಚು ಸರಿಯಾಗಿ ಕೂರುವುದಿಲ್ಲ. ಅಲ್ಲಿ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಸೂರಿನ ತುದಿಯಲ್ಲಿ ಗೋಡೆಗೂ ಹೆಂಚಿಗೂ ನಡುವೆ ಅದಕ್ಕಿಂತ ದೊಡ್ಡ ಜಾಗ. ನಮ್ಮ ಗೊರವಂಕ ನುಗ್ಗಿದ್ದು ಅಲ್ಲಿಂದ, ದಕ್ಷಿಣದ ಮೂಲೆಯಲ್ಲಿ, ಅಡಿಕೆ ಚೀಲ ಇಡುವ ಅಟ್ಟದ ಮೇಲೆ.

ಗೂಡು ಇದ್ದರೆ ನಮಗೆ ತೊಂದರೆ ಇಲ್ಲವೇ ಅಂದರೆ, ಇದೆ. ಒಣಹುಲ್ಲು, ನಾರು, ಪ್ಲಾಸ್ಟಿಕ್ ಎಲ್ಲ ತಂದು ತುಂಬುತ್ತವೆ. ಹೆಂಚಿನ ಕೆಳಗೆ ಅದು ಒದ್ದೆ ಹಿಡಿದುಕೊಳ್ಳುತ್ತದೆ, ರೀಪು ಕೊಳೆಯುತ್ತದೆ. ಹಿಕ್ಕೆ ಅಟ್ಟಕ್ಕೆ ಬೀಳುತ್ತದೆ. ಹಾಗಂತ ಮರಿ ಇರುವ ಗೂಡನ್ನು ಕಿತ್ತು ಬಿಸಾಕುವುದು ನನಗೂ ಒಪ್ಪಿಗೆಯಿಲ್ಲ, ಅತ್ತೆಗೂ ಒಪ್ಪಿಗೆಯಿಲ್ಲ.

ಮೊದಲು ಒಂದು ಬಲೆ ಹಾಕುವ ಸರ್ವೀಸಿನವರನ್ನು ಕರೆಸಿದ್ದೆವು. ಅವರ ಹೆಸರು ಬರೆಯುವುದಿಲ್ಲ. ಬಂದವರು ಕೆಳಗಿನಿಂದಲೇ ಮೊಬೈಲಿನಲ್ಲಿ ಫೋಟೋ ಹೊಡೆದು ಚದರಡಿಗೆ ಇಷ್ಟು ಅಂತ ರೇಟು ಹೇಳಿದರು. ಮರಿ ಕೂಗುವುದು ಅಂಗಳದವರೆಗೆ ಕೇಳಿಸುತ್ತಿತ್ತು. "ಅದನ್ನ ಇವತ್ತೇ ಕ್ಲೀನ್ ಮಾಡಿ ನೈಲಾನ್ ಬಲೆ ಬಿಗಿದುಬಿಡ್ತೀವಿ ಮೇಡಂ" ಅಂದರು. ಮರಿಗಳನ್ನು ಏನು ಮಾಡುತ್ತೀರಿ ಅಂತ ಅತ್ತೆ ಕೇಳಿದರು. "ಮರದ ಕೆಳಗೆ ಇಟ್ಟರೆ ಅಮ್ಮ ಬಂದು ನೋಡಿಕೊಳ್ಳುತ್ತೆ" ಅಂತ ಉತ್ತರ. ರೆಕ್ಕೆ ಬಲಿಯದ ಮರಿಯನ್ನು ನೆಲದಲ್ಲಿ ಇಟ್ಟರೆ ಸಂಜೆಯೊಳಗೆ ಬೆಕ್ಕಿಗೋ ಕೆಂಬೂತಕ್ಕೋ ಆಹಾರ, ಅಷ್ಟೇ. ಅವರನ್ನು ಅಲ್ಲಿಂದಲೇ ವಾಪಸ್ ಕಳಿಸಿದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಏನು ಅಂತ ವಿವರಿಸುವ ಕಡೆಯೇ ಕಾಡುಹಕ್ಕಿಗಳ ಮೊಟ್ಟೆ ಹಾಳು ಮಾಡುವುದು, ಗೂಡು ಕೆದಕುವುದು ಕೂಡ ಸೇರಿದೆ. ಇದೇ ಕೆಲಸ ಮಾಡಿ ದುಡಿಯುವವರಿಗೆ ಇಷ್ಟಾದರೂ ಗೊತ್ತಿರಬೇಕು.

ಆಮೇಲೆ ಪಕ್ಕದ ಮನೆಯವರು ಈ ಮೇಸ್ತ್ರಿ ನಂಬರ್ ಕೊಟ್ಟರು. ಅವರು ಹಕ್ಕಿ ಓಡಿಸುವವರೇನಲ್ಲ, ಹೆಂಚು ಹೊದಿಸುವವರು. ಫೋನಿನಲ್ಲಿ ವಿಷಯ ಹೇಳಿದ ಕೂಡಲೇ ಬಂದ ಮೊದಲ ಪ್ರಶ್ನೆ: "ಒಳಗೆ ಮೊಟ್ಟೇನಾ, ಮರೀನಾ? ನೋಡಿದೀರಾ ಅಕ್ಕ?" ದುಡ್ಡಿನ ಮಾತು ಬಂದದ್ದು ಮನೆಗೆ ಬಂದು, ಅಟ್ಟ ಹತ್ತಿ, ಟಾರ್ಚ್ ಬಿಟ್ಟು ದೂರದಿಂದಲೇ ನೋಡಿ ಇಳಿದ ಮೇಲೆ. ಮರಿಗಳ ಮೈಮೇಲೆ ಗರಿ ಇನ್ನೂ ಕೊಳವೆ ಕೊಳವೆಯಾಗಿಯೇ ಇತ್ತು, ಬಿಚ್ಚಿರಲಿಲ್ಲ. ಇನ್ನು ಎರಡು ವಾರ ಬೇಕಾಗಬಹುದು ಅಂದರು. ಗೂಡಿನ ಮೇಲಿನ ಹೆಂಚು ಮುಟ್ಟುವುದು ಬೇಡ, ಉಳಿದ ಮಾಡು ಈಗ ಮುಗಿಸೋಣ, ಆ ಮೂಲೆಗೆ ಮರಿ ಹಾರಿದ ಮೇಲೆ ಬರುತ್ತೇನೆ ಅಂತ ತೀರ್ಮಾನ ಹೇಳಿದರು.

ಕೆಲಸ ಮಾಡಿದ ರೀತಿ ಹೇಳಲೇಬೇಕು. ಗೂಡಿನ ಹತ್ತಿರ ಜನ ನಿಂತರೆ ತಂದೆ ತಾಯಿ ಒಳಗೆ ಹೋಗುವುದಿಲ್ಲ. ಕೊಕ್ಕಿನಲ್ಲಿ ಮಿಡತೆ ಕಚ್ಚಿಕೊಂಡು ಸಿಲ್ವರ್ ಓಕ್ ಮರದ ಮೇಲೆ ಕೂತು ಅತ್ತಿತ್ತ ಹಾರಾಡುತ್ತವೆ. ಮರಿಗಳು ಒಳಗೆ ಹಸಿದು ಕೂಗುತ್ತಿರುತ್ತವೆ. ಮೇಸ್ತ್ರಿ ಇದನ್ನು ನೋಡಿ ಹುಡುಗರನ್ನು ಉತ್ತರದ ಇಳಿಜಾರಿಗೆ ಕಳಿಸಿದರು. ದಕ್ಷಿಣದ ಕಡೆ ಕೆಲಸ ಮಾಡಲೇಬೇಕಾದಾಗ ಸ್ವಲ್ಪ ಹೊತ್ತು ಮಾಡುವುದು, ಆಮೇಲೆ ಎಲ್ಲರೂ ಇಳಿದು ಟೀ ಕುಡಿಯುವುದು. ಅಷ್ಟರಲ್ಲಿ ಹಕ್ಕಿಗಳು ಹೋಗಿ ಉಣಿಸಿ ಬರುತ್ತಿದ್ದವು. ಗೂಡಿನ ಕೆಳಗೆ ಅಟ್ಟದಲ್ಲಿ ಅಗಲವಾದ ಅಡಿಕೆ ಹಾಳೆ ಹಾಸಿದರು. ಹಿಕ್ಕೆ ಅದರ ಮೇಲೆ ಬೀಳುತ್ತದೆ, ಚೀಲಗಳು ಹಾಳಾಗುವುದಿಲ್ಲ. ಗುಡುಗು ಮಳೆಗೆ ಅಂತ ಮೇಲೆ ಟಾರ್ಪಾಲ್ ಕಟ್ಟಿದರು. ಹಕ್ಕಿ ಒಳಗೆ ಹೋಗುವ ಬಾಯಿಯನ್ನು ಮಾತ್ರ ಬಿಟ್ಟಿದ್ದರು.

ನಡುವೆ ಒಂದು ಮರಿ ಜಾರಿ ಅದೇ ಹಾಳೆಯ ಮೇಲೆ ಬಿತ್ತು. ಹಳದಿ ಬಾಯಂಚು, ಉಬ್ಬಿದ ಹೊಟ್ಟೆ, ಕತ್ತು ಎತ್ತಿ ಬಾಯಿ ಬಿಡುವುದೊಂದೇ ಅದಕ್ಕೆ ಗೊತ್ತು. ನಮ್ಮ ಹುಡುಗ ನೀರು ಹನಿಸಲು ಹೋದ. ಮೇಸ್ತ್ರಿ ತಡೆದರು. ಅದು ಸರಿಯೇ. ಮರಿಯ ಬಾಯಿಗೆ ನೀರು ಬಿಟ್ಟರೆ ಶ್ವಾಸನಾಳಕ್ಕೆ ಹೋಗಿ ಉಸಿರು ಕಟ್ಟುತ್ತದೆ. ಮನುಷ್ಯ ಮುಟ್ಟಿದರೆ ತಾಯಿ ಹತ್ತಿರ ಸೇರಿಸುವುದಿಲ್ಲ ಅಂತ ಅತ್ತೆಗೆ ಭಯ. ಅದು ಹಾಗೇನೂ ಇಲ್ಲ, ಎಷ್ಟೋ ಜನ ಈ ಮಾತು ನಂಬಿಯೇ ಬಿದ್ದ ಮರಿಯನ್ನು ಸುಮ್ನೆ ಸಾಯಲು ಬಿಡುತ್ತಾರೆ. ಮೇಸ್ತ್ರಿ ಹತ್ತಿ ಬಟ್ಟೆಯಲ್ಲಿ ಎತ್ತಿ ಗೂಡಿಗೆ ಇಟ್ಟು ಇಳಿದರು. ನಾವು ಅಂಗಳದ ತುದಿಯಿಂದ ನೋಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ತಾಯಿ ಒಂದು ಹುಳು ಕಚ್ಚಿಕೊಂಡು ಸೀದಾ ಒಳಗೆ ಹೋಯಿತು. ಅತ್ತೆ ಮೇಸ್ತ್ರಿಗೆ ಎರಡನೇ ಲೋಟ ಕಾಫಿ ಕೊಟ್ಟರು.

ಮರಿ ಹಾರಿದ ಮೇಲೆ ತಡ ಮಾಡಬಾರದು. ಗೊರವಂಕ ಅದೇ ಗೂಡಿನಲ್ಲಿ ಇನ್ನೊಂದು ಸಲ ಮೊಟ್ಟೆ ಇಡುವುದುಂಟು. ಇಟ್ಟರೆ ಮತ್ತೆ ಒಂದೂವರೆ ತಿಂಗಳು ಕಾಯಬೇಕು, ಅಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಇನ್ನೊಂದು ಕಾರಣ, ಗೂಡಿನಲ್ಲಿ ಸಣ್ಣ ಉಣುಗಿನಂಥ ಹುಳುಗಳಿರುತ್ತವೆ. ಹಕ್ಕಿ ಬಿಟ್ಟುಹೋದರೆ ಅವು ರಕ್ತ ಹುಡುಕಿ ಮನೆಯೊಳಗೆ ಇಳಿದು ನಮ್ಮನ್ನು ಕಚ್ಚುತ್ತವೆ, ಮೈಯೆಲ್ಲ ತುರಿಕೆ. ಫೋನ್ ಮಾಡಿದೆ. ಮೇಸ್ತ್ರಿ ಬಂದರು. ಆದರೆ ಬಂದ ಕೂಡಲೇ ಸಂದು ಮುಚ್ಚಲಿಲ್ಲ. ನ್ಯೂಸ್‌ಪೇಪರ್ ಉಂಡೆ ಮಾಡಿ ಬಾಯಿಗೆ ಸಡಿಲವಾಗಿ ತುರುಕಿ ಹೋದರು. ಒಳಗೆ ಯಾರಾದರೂ ಇದ್ದರೆ ತಳ್ಳಿಕೊಂಡು ಬರುತ್ತಾರೆ, ಹೊರಗಿನಿಂದ ಉಣಿಸಲು ಬರುವವರಿದ್ದರೆ ಕಿತ್ತು ಹಾಕುತ್ತಾರೆ ಅಂದರು. ಎರಡು ದಿನ ಪೇಪರ್ ಅಲ್ಲಾಡಲಿಲ್ಲ. ಆಮೇಲೇ ಹೆಂಚು ಎತ್ತಿದ್ದು. ಇಷ್ಟು ಸುಲಭದ ಪರೀಕ್ಷೆ ಎಲ್ಲರೂ ಮಾಡಬಹುದು. ಪೈಸೆ ಖರ್ಚಿಲ್ಲ.

ಗೂಡನ್ನು ತೆಗೆಯುವ ಮೊದಲು ನೀರು ಚಿಮುಕಿಸಿದರು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡರು. ಒಣ ಹಿಕ್ಕೆಯ ಧೂಳು ಉಸಿರಿಗೆ ಹೋಗುವುದು ಒಳ್ಳೆಯದಲ್ಲ. ಒಂದು ಗೊಬ್ಬರದ ಚೀಲ ತುಂಬಿತು. ಒಣಹುಲ್ಲು, ತೆಂಗಿನ ನಾರು, ಶ್ಯಾಂಪೂ ಸ್ಯಾಶೆ, ನನ್ನ ಹೊಲಿಗೆ ಮೆಷಿನ್ನಿನ ಹಸಿರು ದಾರ, ಮತ್ತೆ ಒಂದು ಹಾವಿನ ಪೊರೆ. ಅದನ್ನು ನೋಡಿ ಹುಡುಗರು ಎರಡು ಹೆಜ್ಜೆ ಹಿಂದೆ ಸರಿದರು. ಗೊರವಂಕ ಪೊರೆ ತಂದು ಗೂಡಿಗೆ ಹಾಕುವುದುಂಟು, ಹಾವು ಅಟ್ಟಕ್ಕೆ ಬಂದಿದೆ ಅಂತಲ್ಲ.

ಮುಚ್ಚಿದ್ದು ಅರ್ಧ ಇಂಚು ಕಣ್ಣಿನ ಜಿಐ ವೆಲ್ಡ್ ಮೆಶ್‌ನಿಂದ, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿ ಜಾಲರಿಯಿಂದ. ಸೂರಿನ ಉದ್ದಕ್ಕೂ ಪಟ್ಟಿ ಕತ್ತರಿಸಿ, ಪಕಾಸಿಗೆ (ರೀಪಿನ ಕೆಳಗಿನ ಇಳಿಜಾರು ಮರಕ್ಕೆ) ಸ್ಕ್ರೂ ಹೊಡೆದು ಕೂರಿಸಿದರು. ಇದರಲ್ಲಿ ಗುಬ್ಬಿಯೂ ತೂರುವುದಿಲ್ಲ. ನೈಲಾನ್ ಬಲೆ ಯಾಕೆ ಬೇಡ ಅಂದರೆ, ಇಲಿ ಅಳಿಲು ಕಡಿಯುತ್ತವೆ, ಬಿಸಿಲಿಗೆ ಸಡಿಲವಾಗುತ್ತದೆ. ಸಡಿಲ ಬಲೆಯಲ್ಲಿ ಹಕ್ಕಿಯ ಕಾಲು ಸಿಕ್ಕಿ ನೇತಾಡಿ ಸಾಯುತ್ತದೆ. ಪಟ್ಟಣದ ಅಪಾರ್ಟ್‌ಮೆಂಟುಗಳಲ್ಲಿ ಪಾರಿವಾಳಕ್ಕೆ 50 ಮಿಲಿಮೀಟರ್ ಕಣ್ಣಿನ ಬಲೆ ಬಿಗಿಯಾಗಿ ಎಳೆದು ಕಟ್ಟಿದರೆ ನಡೆಯುತ್ತದೆ. ಆದರೆ ಗೊರವಂಕಕ್ಕೆ 28, ಗುಬ್ಬಿಗೆ 19 ಬೇಕು. ಸಿಮೆಂಟ್ ಹಾಕಿ ಸಂದು ಮುಚ್ಚಿಬಿಡೋಣ ಅಂತ ನಮ್ಮ ಯಜಮಾನರು ಹೇಳಿದ್ದರು. ಮೇಸ್ತ್ರಿ ಒಪ್ಪಲಿಲ್ಲ. ಸಿಮೆಂಟ್ ಹಾಕಿದರೆ ಗಾಳಿ ಆಡದೆ ಮರ ಕೊಳೆಯುತ್ತದೆ, ಮುಂದಿನ ಸಲ ಹೆಂಚು ಎತ್ತುವಾಗ ಒಡೆಯುತ್ತದೆ. ಮೆಶ್ ಆದರೆ ಬಿಚ್ಚಬಹುದು.

ನಮ್ಮ ತಮ್ಮ ಆನ್‌ಲೈನಿನಲ್ಲಿ ತರಿಸಿಕೊಟ್ಟಿದ್ದ ಅಲ್ಟ್ರಾಸಾನಿಕ್ ಪೆಟ್ಟಿಗೆ ಬಗ್ಗೆಯೂ ಎರಡು ಮಾತು. ಅದಕ್ಕೆ ಸೊನ್ನೆ. 20 ಕಿಲೋಹರ್ಟ್ಸ್ ಮೇಲಿನ ಸದ್ದು ನಮಗೆ ಕೇಳಿಸದ ಹಾಗೆ ಹಕ್ಕಿಗಳಿಗೂ ಕೇಳಿಸುವುದಿಲ್ಲ. ಗೊರವಂಕ ಅದರ ಮೇಲೆಯೇ ಕೂತು ಗರಿ ಕೆದರಿಕೊಳ್ಳುತ್ತಿತ್ತು. ಅಂಟುಪೇಸ್ಟ್ ಮಾರುವವರೂ ಇದ್ದಾರೆ. ಅದನ್ನು ದಯವಿಟ್ಟು ತರಬೇಡಿ. ಸಣ್ಣ ಹಕ್ಕಿಯ ರೆಕ್ಕೆಗೆ ಹತ್ತಿದರೆ ಅದು ಮತ್ತೆ ಹಾರುವುದಿಲ್ಲ.

ಸೂರು ಮುಚ್ಚಿದ ಮೇಲೆ ಗುಬ್ಬಿಗಳಿಗೆ ಜಾಗ ಇಲ್ಲದ ಹಾಗಾಯಿತಲ್ಲ ಅಂತ ನನಗೆ ಕಸಿವಿಸಿ. ಮೇಸ್ತ್ರಿಯೇ ಉಳಿದ ಸಿಲ್ವರ್ ಓಕ್ ಹಲಗೆಯಲ್ಲಿ ಗೂಡುಪೆಟ್ಟಿಗೆ ಮಾಡಿಕೊಟ್ಟರು. ತೂತು 32 ಮಿಲಿಮೀಟರ್. ಗುಬ್ಬಿ ಹೋಗುತ್ತದೆ, ಗೊರವಂಕ ಹೋಗುವುದಿಲ್ಲ. ಅಂಗಡಿಯ ಪೆಟ್ಟಿಗೆಗಳಲ್ಲಿ ತೂತಿನ ಕೆಳಗೆ ಒಂದು ಕಡ್ಡಿ ಇರುತ್ತದಲ್ಲ, ಅದು ಬೇಡ. ಗುಬ್ಬಿಗೆ ಅದರ ಅಗತ್ಯ ಇಲ್ಲ, ಕಾಗೆಗೆ ಕೂರಲು ಅನುಕೂಲ. ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ. ಪ್ಲೈವುಡ್ಡಿನದು ನಮ್ಮ ಮಳೆಗೆ ಉಬ್ಬಿ ಬಿಚ್ಚಿಕೊಳ್ಳುತ್ತದೆ, ಹಲಗೆಯದೇ ವಾಸಿ. ಪಡಸಾಲೆಯ ಗೋಡೆಗೆ, ಪಶ್ಚಿಮದ ಬಿಸಿಲು ಬೀಳದ ಕಡೆ, ಬೆಕ್ಕಿಗೆ ಎಟುಕದ ಎತ್ತರದಲ್ಲಿ ಹತ್ತಿರ ಹತ್ತಿರ ಮೂರು ಹೊಡೆದಿದ್ದೇವೆ. ಗುಬ್ಬಿಗಳು ಗುಂಪಿನಲ್ಲೇ ಇರಲು ಇಷ್ಟಪಡುತ್ತವೆ. ಒಂದಕ್ಕೆ ಈಗಾಗಲೇ ಹುಲ್ಲು ಸಾಗುತ್ತಿದೆ. ಗೊರವಂಕಗಳೂ ಎಲ್ಲೂ ಹೋಗಿಲ್ಲ, ಕೊಟ್ಟಿಗೆಯ ಹಿಂದಿನ ಒಣ ತೆಂಗಿನ ಮರದ ತೂತನ್ನು ನೋಡಿಕೊಂಡಿವೆ. ಆ ಮರ ಕಡಿಸಬೇಕು ಅಂತಿದ್ದೆವು, ಇರಲಿ ಬಿಡಿ.

ಖರ್ಚು: ಮಾಡಿನ ಕೆಲಸಕ್ಕೆ ಊರಿನ ಮಾಮೂಲಿ ದಿನಗೂಲಿ. ಮೂಲೆಗೆ ವಾಪಸ್ ಬಂದದ್ದಕ್ಕೆ ಅರ್ಧ ದಿನದ ಕೂಲಿ ಮಾತ್ರ ತಗೊಂಡರು. ಮೆಶ್, ಸ್ಕ್ರೂ ಎಲ್ಲ ಸೇರಿ ಎರಡು ಸಾವಿರದ ಒಳಗೆ. ದೂರು ಅಂತ ಹೇಳಬೇಕಾದರೆ, ಮೆಶ್ ಕತ್ತರಿಸಿದ ತಂತಿ ಚೂರುಗಳನ್ನು ಹುಡುಗರು ಅಂಗಳದಲ್ಲಿ ಹಾಗೇ ಬಿಟ್ಟು ಹೋದರು. ದನ ಓಡಾಡುವ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಕೆಲಸ ಮುಗಿದ ಕೂಡಲೇ ಎದುರು ನಿಂತು ಆರಿಸಿಕೊಳ್ಳಿ. ಹಗಲು ಫೋನ್ ಎತ್ತುವುದಿಲ್ಲ, ಮಾಡಿನ ಮೇಲಿರುತ್ತಾರೆ. ರಾತ್ರಿ ಎಂಟರ ಮೇಲೆ ಮಾಡಿ.

ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಕಡೆಯವರು ಕೇಳಿದರೆ ನಂಬರ್ ಕೊಡುತ್ತೇನೆ. ಶಿವರಾತ್ರಿ ಕಳೆದ ಕೂಡಲೇ ಹೇಳಿಡಿ, ಯುಗಾದಿ ಹೊತ್ತಿಗೆ ಅವರ ದಿನಗಳೆಲ್ಲ ಭರ್ತಿ. ಬೇಗ ಹೇಳಿದರೆ ಇನ್ನೊಂದು ಲಾಭ. ಗೂಡು ಕಟ್ಟುವ ಮೊದಲೇ ಬಂದು ಸೂರಿಗೆ ಮೆಶ್ ಹೊಡೆದುಕೊಡುತ್ತಾರೆ, ಆಗ ಯಾರೂ ಯಾರಿಗೂ ಕಾಯಬೇಕಾಗಿಲ್ಲ.